ಅಂಚೆಯಣ್ಣನ ಲಂಡನ್ ಬೀಟು

ಮೂವತ್ತಾರು ವರ್ಷ ಅಂಚೆ ಹಂಚಿದವನು ನಾನು. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಊರಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದೆ. ಬೇಸಿಗೆಯಲ್ಲಿ ಸೈಕಲ್ಲು, ಮಳೆಗಾಲದಲ್ಲಿ ಕಾಲ್ನಡಿಗೆ. ಹೆಗಲಿಗೆ ಚೀಲ, ಕೈಗೆ ಕೊಡೆ, ಕಾಲಿಗೆ ಇಂಬಳ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಒಂದು ತೋಟ, ಒಂದು ಹಳ್ಳ, ಒಂದು ಸಂಕ ದಾಟಬೇಕು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯದು ಬರೀ ಬೊಗಳುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ನಿವೃತ್ತನಾದ ಮೇಲೂ ಬೆಳಿಗ್ಗೆ ಹತ್ತು ಗಂಟೆಯಾದರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿತ್ತು.

ಅಂಥ ನಾನು ಅರವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿ ಲಂಡನ್ನಿಗೆ ಹೋದೆ. ಊರು ನೋಡಲಿಕ್ಕಲ್ಲ, ಮಗಳ ಬಾಣಂತನಕ್ಕೆ! ನಗಬೇಡಿ. ಬಾಣಂತನಕ್ಕೆ ತಾಯಿ ಹೋಗುವುದು ಪದ್ಧತಿ. ಆದರೆ ನನ್ನ ಹೆಂಡತಿ 2021ರಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡಳು. ಆಗ ಮಗಳಿಗೆ ಅಲ್ಲಿಂದ ಬರುವ ದಾರಿಯೇ ಇರಲಿಲ್ಲ. ಫೋನಿನಲ್ಲಿ ನೋಡಿದ್ದಷ್ಟೇ.

"ಅಪ್ಪಯ್ಯ, ನೀವು ಬಂದು ಏನು ಮಾಡ್ತೀರಿ?" ಎಂದು ಮಗಳು ಕೇಳಿದಳು.

"ಮೆಣಸಿನ ಸಾರು ಮಾಡಲು ಬರುತ್ತದೆ. ಹುಡುಗನನ್ನು ಶಾಲೆಗೆ ಬಿಟ್ಟು ಕರೆದುಕೊಂಡು ಬರಲು ಬರುತ್ತದೆ. ಸಾಲದಾ?" ಎಂದೆ.

ನನ್ನ ತಂಗಿ ಅಂಟಿನುಂಡೆ ಮಾಡಿ ಡಬ್ಬಿಗೆ ತುಂಬಿಕೊಟ್ಟಳು. ಸೆಪ್ಟೆಂಬರಿನ ಒಂದು ಸಂಜೆ ಆ ಡಬ್ಬಿಯ ಸಮೇತ ಲಂಡನ್ನಿನಲ್ಲಿ ಇಳಿದೆ.

ಹೊಸ ಬೀಟು

ಮಗಳ ಮನೆ ಇರುವುದು ಕೆನಿಂಗ್ಟನ್ ಎಂಬಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕೆ. ಮೊದಲ ಎರಡು ದಿನ ಅಳಿಯ ಶಾಲೆಯ ದಾರಿ ತೋರಿಸಿದರು. ಮೂರನೇ ದಿನದಿಂದ ಆ ಕೆಲಸ ನನ್ನದಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಎಂಟು ವರ್ಷದ ಮೊಮ್ಮಗನನ್ನು ಶಾಲೆಗೆ ಬಿಡುವುದು, ಮಧ್ಯಾಹ್ನ ಮೂರೂಕಾಲಿಗೆ ಕರೆತರುವುದು. ನಡುವಿನ ಹೊತ್ತು ಖಾಲಿ. ಮಗಳು ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಕೋಣೆಯಲ್ಲಿ ಓಡಾಡಿದರೆ ಅವಳ ಮೀಟಿಂಗಿಗೆ ತೊಂದರೆ. ಹಾಗಾಗಿ ದಿನಕ್ಕಿಷ್ಟು ಎಂದು ಬೀದಿಗಳನ್ನು ನಡೆಯತೊಡಗಿದೆ. ಅಂಚೆಯವರು ತಾವು ದಿನವೂ ಹಂಚುವ ದಾರಿಗೆ 'ಬೀಟು' ಅನ್ನುತ್ತೇವೆ. ಹೊಸ ಬೀಟು ಸಿಕ್ಕಿದರೆ ಹೇಗೆ ಕಲಿಯುತ್ತೇವೋ ಹಾಗೆಯೇ ಕಲಿತೆ. ಮೊದಲ ದಿನ ಮೂರು ಬೀದಿ, ಮರುದಿನ ಐದು.

ಮಕ್ಕಳೇ, ಗೊತ್ತಿಲ್ಲದ ಊರಿನಲ್ಲಿ ನಡೆಯುವಾಗ ಅಂಚೆಯವರು ಪಾಲಿಸುವ ಕೆಲವು ನಿಯಮಗಳಿವೆ. ಒಂದು, ಪ್ರತಿ ತಿರುವಿನಲ್ಲೂ ನಿಂತು ಹಿಂದಕ್ಕೆ ತಿರುಗಿ ನೋಡಬೇಕು. ಹೋಗುವಾಗ ಕಾಣುವ ರಸ್ತೆಯೇ ಬೇರೆ, ಬರುವಾಗ ಕಾಣುವುದೇ ಬೇರೆ. ಮರಳಿ ಬರುವಾಗ ಅದು ಹೇಗೆ ಕಾಣುತ್ತದೆಂದು ಮೊದಲೇ ನೋಡಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಎರಡು, ಅಂಗಡಿಯನ್ನು ಗುರುತು ಇಟ್ಟುಕೊಳ್ಳಬಾರದು. ಅಂಗಡಿ ಇಂದು ಇದ್ದದ್ದು ನಾಳೆ ಬೇರೆಯಾಗುತ್ತದೆ. ಮರ, ಸೇತುವೆ, ಚರ್ಚಿನ ಗೋಪುರ ಇಂಥವನ್ನು ಹಿಡಿಯಬೇಕು. ಮೂರು, ಮನೆಯ ವಿಳಾಸ ಬರೆದ ಚೀಟಿ ಜೇಬಿನಲ್ಲಿರಬೇಕು. ಫೋನಿನಲ್ಲಿ ನಕ್ಷೆ ಇದೆ, ನಿಜ. ಆದರೆ ಬ್ಯಾಟರಿ ಮುಗಿದರೆ ಫೋನು ಬರೀ ಹಲಗೆ. ಚೀಟಿಗೆ ಬ್ಯಾಟರಿ ಬೇಡ.

ಲಂಡನ್ನಿನಲ್ಲಿ ನಡೆಯುವವರಿಗೆ ಮರ್ಯಾದೆ ಜಾಸ್ತಿ. ಅಲ್ಲಲ್ಲಿ ಆಳೆತ್ತರದ ನಕ್ಷೆಯ ಕಂಬಗಳನ್ನು ನಿಲ್ಲಿಸಿದ್ದಾರೆ. ನೀವು ನಿಂತ ಜಾಗದಿಂದ ಐದು ನಿಮಿಷ ನಡೆದರೆ ಎಲ್ಲಿಯವರೆಗೆ ಮುಟ್ಟಬಹುದು ಎಂದು ಅದರಲ್ಲಿ ವೃತ್ತ ಹಾಕಿ ತೋರಿಸಿರುತ್ತಾರೆ. ನಿಮ್ಮ ಎದುರಿಗೆ ಇರುವುದು ನಕ್ಷೆಯಲ್ಲೂ ಮೇಲ್ಗಡೆಯೇ ಇರುತ್ತದೆ. ಹಾಗಾಗಿ ಉತ್ತರ ಯಾವ ಕಡೆ ಎಂದು ತಲೆ ಕೆಡಿಸಿಕೊಳ್ಳುವ ಹಾಗಿಲ್ಲ.

ರಸ್ತೆ ದಾಟುವಲ್ಲಿ ಕಪ್ಪು ಬಿಳಿ ಪಟ್ಟೆ, ಎರಡೂ ಬದಿಗೆ ಕಿತ್ತಳೆ ಬಣ್ಣದ ಗೋಳದ ದೀಪ. ಈ ದೀಪಗಳು 1934ರಲ್ಲೂ ಪಟ್ಟೆಗಳು 1951ರಲ್ಲೂ ಬಂದವಂತೆ. ಅಲ್ಲಿ ಕಾಲಿಟ್ಟರೆ ಎಂಥ ದೊಡ್ಡ ಗಾಡಿಯೂ ನಿಲ್ಲುತ್ತದೆ. ನನ್ನ ಒಬ್ಬನಿಗಾಗಿ ಎರಡಂತಸ್ತಿನ ಬಸ್ಸು ನಿಲ್ಲುವುದೆಂದರೆ! ನಾನು ಪ್ರತಿ ಡ್ರೈವರಿಗೂ ಕೈ ಮುಗಿಯುತ್ತಿದ್ದೆ. ಮೊಮ್ಮಗನಿಗೆ ನಾಚಿಕೆ. "ಅಜ್ಜ, ಕೈ ಎತ್ತಿದ್ರೆ ಸಾಕು" ಅನ್ನುತ್ತಿದ್ದ. ಮೂರು ವಾರ ಕಳೆಯುವಷ್ಟರಲ್ಲಿ ಅವನೂ ಕೈ ಮುಗಿಯತೊಡಗಿದ.

ಮನೆ ನಂಬರಿನ ಲೆಕ್ಕ

ಅಂಚೆಯವನ ಕಣ್ಣು ಮೊದಲು ಹೋಗುವುದು ಮನೆಯ ನಂಬರಿಗೆ. ಅಲ್ಲಿ ಹೆಚ್ಚಿನ ಬೀದಿಗಳಲ್ಲಿ ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. 17ನೇ ಮನೆ ಬೇಕಾದರೆ 16ರ ಪಕ್ಕ ಹುಡುಕಿದರೆ ಸಿಗದು, ಅದು ರಸ್ತೆಯ ಆಚೆ ಇರುತ್ತದೆ. ಆದರೆ ಹಳೆಯ ಕೆಲವು ಬೀದಿಗಳು ಈ ನಿಯಮಕ್ಕಿಂತ ಹಿರಿಯವು. ಪತ್ರಿಕೆಗಳಿಗೆ ಹೆಸರಾಗಿದ್ದ ಫ್ಲೀಟ್ ಸ್ಟ್ರೀಟಿನಲ್ಲಿ ನಂಬರು ಒಂದರಿಂದ ಶುರುವಾಗಿ ಒಂದೇ ಬದಿಯಲ್ಲಿ ಸಾಲಾಗಿ ಕೊನೆಯವರೆಗೆ ಹೋಗಿ, ಆಮೇಲೆ ಎದುರು ಬದಿಯಲ್ಲಿ ಹಿಂದಕ್ಕೆ ಬರುತ್ತದೆ. ಒಂದು ಬದಿ ಹಂಚಿಕೊಂಡು ಹೋಗಿ ಇನ್ನೊಂದು ಬದಿ ಹಂಚಿಕೊಂಡು ಬರುವವನಿಗೆ ಎಷ್ಟು ಅನುಕೂಲ!

ಬೀದಿಯ ಹೆಸರಿನ ಫಲಕಗಳಲ್ಲೇ ಅಂಚೆ ವಲಯದ ಅಕ್ಷರವೂ ಇರುತ್ತದೆ. ಮಗಳ ಮನೆ ಎಸ್‌ಇ 11ರಲ್ಲಿ. ಎಸ್‌ಇ ಎಂದರೆ ಆಗ್ನೇಯ. ರೋಲೆಂಡ್ ಹಿಲ್ ಎಂಬ ಅಧಿಕಾರಿ 1857-58ರಲ್ಲಿ ಲಂಡನ್ನನ್ನು ದಿಕ್ಕಿನ ಪ್ರಕಾರ ಹತ್ತು ಅಂಚೆ ವಲಯಗಳಾಗಿ ಹಂಚಿದ. ಅಕ್ಷರದ ಮುಂದೆ ಸಂಖ್ಯೆ ಸೇರಿದ್ದು 1917ರಲ್ಲಿ. ಆಗ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಆ ಸಂಖ್ಯೆಯಲ್ಲಿ ಒಂದು ತಮಾಷೆ ಇದೆ. ಎಸ್‌ಇ 1ರ ಪಕ್ಕದಲ್ಲೇ ನಮ್ಮ 11 ಇದೆ. ಎಸ್‌ಇ 2 ಮಾತ್ರ ಎಷ್ಟೋ ದೂರ, ನಗರದ ಅಂಚಿನಲ್ಲಿ! ಮೊಮ್ಮಗನೂ ನಾನೂ ಕೂತು ಪಟ್ಟಿ ಮಾಡಿದೆವು. 2 ಆಬಿ ವುಡ್, 3 ಬ್ಲ್ಯಾಕ್‌ಹೀತ್, 4 ಬ್ರಾಕ್ಲಿ, 5 ಕ್ಯಾಂಬರ್‌ವೆಲ್, ಹೀಗೆ 10 ಗ್ರೀನಿಚ್, 11 ಕೆನಿಂಗ್ಟನ್. ಒಂದನ್ನು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿದೆ. ದೂರಕ್ಕೂ ನಂಬರಿಗೂ ಸಂಬಂಧವಿಲ್ಲ. ನಮ್ಮ ದೇಶದ ಆರಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಬಂತು. ಅದರ ಮೊದಲ ಅಂಕಿಯೇ ದೇಶದ ಯಾವ ಭಾಗ ಎಂದು ಹೇಳುತ್ತದೆ. "ನಮ್ಮದೇ ಚೆನ್ನಾಗಿದೆ ಕಣೋ" ಎಂದೆ. ಅವನು ಒಪ್ಪಲಿಲ್ಲ.

ಕೆಂಪು ಪೆಟ್ಟಿಗೆಯ ಆಟ

ಶಾಲೆಯಿಂದ ಬರುವ ದಾರಿಯಲ್ಲಿ ನಾವಿಬ್ಬರೂ ಒಂದು ಆಟ ಕಟ್ಟಿಕೊಂಡೆವು. ಅಲ್ಲಿನ ಅಂಚೆ ಪೆಟ್ಟಿಗೆಗಳು ದಪ್ಪ ಕಂಬದ ಹಾಗಿವೆ, ಎರಕದ ಕಬ್ಬಿಣದವು. ಲಂಡನ್ನಿನ ಬೀದಿಗೆ ಮೊದಲ ಪೆಟ್ಟಿಗೆ ಬಂದದ್ದು 1855ರಲ್ಲಿ. ಮೊದಮೊದಲು ಹಸಿರು ಬಣ್ಣ ಹಚ್ಚುತ್ತಿದ್ದರು. ಕಣ್ಣಿಗೆ ಬೀಳುವುದಿಲ್ಲ ಎಂದು ಜನ ದೂರಿದ್ದರಿಂದ 1874ರಿಂದ ಕೆಂಪಾಯಿತು.

ಪ್ರತಿ ಪೆಟ್ಟಿಗೆಯ ಹೊಟ್ಟೆಯ ಮೇಲೂ ಎರಡು ಮೂರು ಅಕ್ಷರಗಳಿರುತ್ತವೆ. ಪೆಟ್ಟಿಗೆ ನೆಟ್ಟಾಗ ಯಾರು ಆಳುತ್ತಿದ್ದರೋ ಅವರ ಗುರುತು ಅದು. 'ಆರ್' ಎಂದರೆ ಲ್ಯಾಟಿನ್ನಿನಲ್ಲಿ ರೆಕ್ಸ್ ಅಥವಾ ರೆಜಿನಾ, ಅಂದರೆ ರಾಜ ಅಥವಾ ರಾಣಿ. 'ವಿ ಆರ್' ಇದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, 1901ಕ್ಕಿಂತ ಹಳೆಯದು. ಬರೀ 'ಜಿ ಆರ್' ಇದ್ದರೆ ಐದನೇ ಜಾರ್ಜ್. 'ಇ' ಮತ್ತು 'ಆರ್' ನಡುವೆ ರೋಮನ್ ಎರಡು ಇದ್ದರೆ ಎರಡನೇ ಎಲಿಜಬೆತ್. ಆಕೆ ಎಪ್ಪತ್ತು ವರ್ಷ ಆಳಿದ್ದರಿಂದ ಎಲ್ಲಿ ನೋಡಿದರೂ ಆಕೆಯದೇ. ಎಂಟನೇ ಎಡ್ವರ್ಡ್ 1936ರಲ್ಲಿ ವರ್ಷ ತುಂಬುವ ಮೊದಲೇ ಸಿಂಹಾಸನ ಬಿಟ್ಟವನು. ಅವನ ಗುರುತಿನ ಪೆಟ್ಟಿಗೆ ಬಹಳ ಅಪರೂಪ. ಈಗಿನ ಮೂರನೇ ಚಾರ್ಲ್ಸ್‌ನ ಪೆಟ್ಟಿಗೆಗಳು 2024ರಿಂದಷ್ಟೇ ಬರತೊಡಗಿವೆ.

ಮೊಮ್ಮಗ ಒಂದು ನೋಟ್‌ಬುಕ್ ಮಾಡಿಕೊಂಡ. ಒಂದು ಪುಟಕ್ಕೆ ಒಬ್ಬ ರಾಜ. ಪೆಟ್ಟಿಗೆ ಸಿಕ್ಕಿದರೆ ಬೀದಿಯ ಹೆಸರನ್ನು ಅವನು ಇಂಗ್ಲಿಷಿನಲ್ಲಿ ಬರೆಯಬೇಕು, ನಾನು ಕನ್ನಡದಲ್ಲಿ ಬರೆಯಬೇಕು. ಅವನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. "ಇದೇನು, ಅಕ್ಷರಕ್ಕೆ ಬಾಲ?" ಎಂದು ಕೇಳುತ್ತಿದ್ದ. "ಒತ್ತಕ್ಷರ" ಎನ್ನುತ್ತಿದ್ದೆ. 'ಕೆನಿಂಗ್ಟನ್' ಎಂಬ ಒಂದು ಹೆಸರಿನಲ್ಲೇ ಸೊನ್ನೆ, ಒತ್ತು, ಗುಣಿತ ಎಲ್ಲ ಬಂದುಹೋಯಿತು.

ಎರಡೂ ಕಡೆ ಹರಿಯುವ ಹೊಳೆ

ಶನಿವಾರ ಅವನಿಗೆ ರಜೆ. ಅಂದು ನದಿಯ ಕಡೆ ಹೋಗುತ್ತಿದ್ದೆವು. ತುಂಗೆಯ ದಂಡೆಯಲ್ಲಿ ಬೆಳೆದ ನನಗೆ ಥೇಮ್ಸ್ ನೋಡಿ ಬಹಳ ಸೋಜಿಗವಾಯಿತು. ಬೆಳಿಗ್ಗೆ ನೀರು ಬಲಕ್ಕೆ ಹರಿಯುತ್ತಿತ್ತು. ಮಧ್ಯಾಹ್ನ ನೋಡಿದರೆ ಎಡಕ್ಕೆ! "ಸಮುದ್ರದ ಭರತ ಇಳಿತ ಅಜ್ಜ, ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ" ಎಂದ ಮೊಮ್ಮಗ. ದಿನಕ್ಕೆ ಎರಡು ಸಲ ಸಮುದ್ರ ನಗರದೊಳಗೆ ನುಗ್ಗಿ ಬರುತ್ತದೆ, ಎರಡು ಸಲ ಹಿಂದಕ್ಕೆ ಹೋಗುತ್ತದೆ. ನಡು ಲಂಡನ್ನಿನಲ್ಲಿ ನೀರಿನ ಮಟ್ಟ ಏಳು ಮೀಟರಿನಷ್ಟು ಏರಿಳಿಯುವುದುಂಟು, ಅಂದರೆ ಎರಡಂತಸ್ತಿನ ಮನೆಯಷ್ಟು.

ಲ್ಯಾಂಬೆತ್ ಸೇತುವೆಯ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದಿದಂಡೆಯ ತೋಟದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ನದಿಯ ಆಚೆ ಸ್ವಲ್ಪ ದೂರದಲ್ಲಿ ಬ್ರಿಟನ್ನಿನ ಪಾರ್ಲಿಮೆಂಟ್ ಕಾಣುತ್ತದೆ. ಪರವೂರಿನಲ್ಲಿ ಪರಿಚಯದವರೊಬ್ಬರು ಸಿಕ್ಕ ಹಾಗಾಯಿತು. ಅಲ್ಲಿ ಕೂತು ಚಕ್ಕುಲಿ ತಿಂದೆವು. ಕಾಯಕ ಎಂದರೇನು ಎಂದು ಮೊಮ್ಮಗ ಕೇಳಿದ. "ನಿನ್ನನ್ನು ಶಾಲೆಗೆ ಬಿಡ್ತೇನಲ್ಲ, ಅದು" ಎಂದೆ.

ಅಲ್ಲಿಂದ ದಂಡೆಯ ಮೇಲೆಯೇ ಉತ್ತರಕ್ಕೆ ನಡೆದರೆ ಒಂದು ಉದ್ದನೆಯ ಗೋಡೆ ಸಿಗುತ್ತದೆ. ಸುಮಾರು ಅರ್ಧ ಕಿಲೋಮೀಟರ್ ಉದ್ದ. ಅದರ ತುಂಬ ಕೈಯಿಂದ ಬಿಡಿಸಿದ ಕೆಂಪು ಹೃದಯಗಳು. ಕೊರೊನಾದಲ್ಲಿ ಆ ದೇಶದಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಎಂದು 2021ರಲ್ಲಿ ಜನರೇ ಬಿಡಿಸಲು ಶುರುಮಾಡಿದ್ದು. ಒಂದೂವರೆ ಲಕ್ಷಕ್ಕೂ ಹೆಚ್ಚು ಇವೆ. ಕೆಲವದರಲ್ಲಿ ಹೆಸರುಗಳಿವೆ. ಅಮ್ಮ, ಅಜ್ಜ ಎಂದಷ್ಟೇ ಬರೆದವೂ ಇವೆ.

"ಇದರಲ್ಲಿ ಅಜ್ಜಿಯದು ಯಾವುದು?" ಎಂದ ಮೊಮ್ಮಗ.

"ಅಜ್ಜಿ ನಮ್ಮೂರಿನವಳು. ಅವಳದು ಅಲ್ಲೇ ಇದೆ. ತೋಟದಲ್ಲಿ ಒಂದು ಹಲಸಿನ ಗಿಡ ನೆಟ್ಟಿದ್ದೇನೆ" ಎಂದೆ.

ಅವನು ಗೋಡೆಯ ಹಿಂದಿನ ದೊಡ್ಡ ಕಟ್ಟಡವನ್ನು ನೋಡುತ್ತ ನಿಂತ. ಅದು ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ನರ್ಸ್‌ಗಳ ಶಾಲೆ ತೆರೆದದ್ದು ಇದೇ ಆಸ್ಪತ್ರೆಯಲ್ಲಿ. ಈಗಿನ ಜಾಗಕ್ಕೆ ಅದು ಬಂದದ್ದು 1871ರಲ್ಲಿ. ಮಗಳ ಹೆರಿಗೆಗೂ ಅಲ್ಲೇ ಹೆಸರು ಬರೆಸಿದ್ದರು.

"ಅಮ್ಮನೂ ಇಲ್ಲಿಗೇ ಬರೋದಾ? ಅಜ್ಜಿ ಆಸ್ಪತ್ರೆಗೆ ಹೋಗಿ ಮತ್ತೆ ಬರಲೇ ಇಲ್ಲ."

ನಾನು ಏನೂ ಹೇಳಲಿಲ್ಲ. ಅವನ ಕೈ ಹಿಡಿದುಕೊಂಡೆ. ನನಗೆ ಟೆಲಿಗ್ರಾಂ ನೆನಪಾಯಿತು. ಈಗಿನ ಮಕ್ಕಳಿಗೆ ಅದು ಗೊತ್ತಿಲ್ಲ, 2013ರಲ್ಲಿ ನಿಂತೇಹೋಯಿತು. ಹಿಂದೆ ನಾನು ಟೆಲಿಗ್ರಾಂ ಹಿಡಿದು ಅಂಗಳಕ್ಕೆ ಕಾಲಿಟ್ಟರೆ ಮನೆಯ ಹೆಂಗಸರು ಒಡೆದು ಓದುವ ಮೊದಲೇ ಅಳಲು ಶುರುಮಾಡುತ್ತಿದ್ದರು. ಅದಕ್ಕೇ ಒಳ್ಳೆಯ ಸುದ್ದಿ ಇದ್ದರೆ ಉಣುಗೋಲಿನ ಹತ್ತಿರದಿಂದಲೇ "ಗಂಡು ಮಗು!", "ಪಾಸಾಗಿದ್ದಾನೆ!" ಎಂದು ಕೂಗಿಕೊಂಡು ಹೋಗುತ್ತಿದ್ದೆ.

ಅಂದಿನಿಂದ ಬೀಟನ್ನು ಬದಲಿಸಿದೆ. ದಿನವೂ ಶಾಲೆ ಬಿಟ್ಟ ಮೇಲೆ ಮನೆಯಿಂದ ಆಸ್ಪತ್ರೆಯವರೆಗೆ ಇಬ್ಬರೂ ನಡೆಯತೊಡಗಿದೆವು. ದಾರಿ ಸುಲಭ. ಕೆನಿಂಗ್ಟನ್ ರಸ್ತೆಯನ್ನು ಉತ್ತರಕ್ಕೆ ಹಿಡಿಯಬೇಕು. ಚಾರ್ಲಿ ಚಾಪ್ಲಿನ್ ಬಡತನದಲ್ಲಿ ಬಾಲ್ಯ ಕಳೆದದ್ದು ಇದೇ ಸುತ್ತಮುತ್ತ. ಅವನು ಇದ್ದ ಅನಾಥಾಲಯದಂಥ ಕಟ್ಟಡದಲ್ಲಿ ಈಗ ಸಿನಿಮಾ ಮ್ಯೂಸಿಯಂ ಇದೆ. ಮುಂದೆ ಬಲಕ್ಕೆ ಯುದ್ಧದ ಮ್ಯೂಸಿಯಂ, ಅದರೆದುರು ಹಡಗಿನ ಎರಡು ಭಾರಿ ಫಿರಂಗಿಗಳು. ರಸ್ತೆ ಮುಗಿದಲ್ಲಿ ಎಡಕ್ಕೆ ತಿರುಗಿ, ರೈಲು ಸೇತುವೆಯ ಕೆಳಗೆ ಹಾದರೆ ಎದುರಿಗೇ ಆಸ್ಪತ್ರೆ. ಒಟ್ಟು ಅರ್ಧ ಗಂಟೆಯ ನಡಿಗೆ. ಬಾಗಿಲಿನ ತನಕ ಹೋಗಿ, ತಿರುಗಿ ನೋಡಿ, ಮನೆಗೆ ಬರುತ್ತಿದ್ದೆವು.

ಅರ್ಧ ಚಡ್ಡಿಯ ಅಂಚೆಯಣ್ಣ

ಅಕ್ಟೋಬರಿನ ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಅಲ್ಲಿನ ಪೋಸ್ಟ್‌ಮ್ಯಾನ್ ಸಿಕ್ಕಿದ. ನಾನು ಸ್ವೆಟರು, ಮಫ್ಲರು, ಟೊಪ್ಪಿ ಎಲ್ಲ ಹಾಕಿಕೊಂಡು ನಡುಗುತ್ತಿದ್ದೆ. ಆ ಪುಣ್ಯಾತ್ಮ ಅರ್ಧ ಚಡ್ಡಿಯಲ್ಲಿದ್ದ! ಕೆಂಪು ಬಣ್ಣದ ತಳ್ಳುಗಾಡಿಯಲ್ಲಿ ಕಾಗದದ ಚೀಲ. ನನಗೆ ತಡೆಯಲಾಗಲಿಲ್ಲ. "ಐ ಆಲ್ಸೋ ಪೋಸ್ಟ್‌ಮ್ಯಾನ್. ಇಂಡಿಯಾ. ಥರ್ಟಿ ಸಿಕ್ಸ್ ಇಯರ್ಸ್" ಎಂದೆ.

ಅವನು ಗಾಡಿ ಬಿಟ್ಟು ಕೈ ಕುಲುಕಿದ. ನನ್ನ ಇಂಗ್ಲಿಷು ವಿಳಾಸ ಓದುವಷ್ಟು ಮಾತ್ರ. ಆದರೆ ಅಂಚೆಯವರಿಗೆ ಒಂದು ಪ್ರಶ್ನೆ ಸಾಕು. "ಡಾಗ್ಸ್?" ಎಂದು ಕೇಳಿದೆ. ಅವನು ನಗುತ್ತ ತನ್ನ ಮೀನಖಂಡ ತೋರಿಸಿದ, ಹಲ್ಲಿನ ಗುರುತು ಎರಡು ಕಡೆ. ನಾನೂ ಪ್ಯಾಂಟು ಮೇಲೆತ್ತಿ ನನ್ನದನ್ನು ತೋರಿಸಿದೆ, ಮೂರು ಕಡೆ. ಅವನು ಸೋತೆ ಎನ್ನುವ ಹಾಗೆ ಟೊಪ್ಪಿ ತೆಗೆದ. ಹೊರಡುವಾಗ ನನ್ನ ಚೀಟಿಯ ಹಿಂಬದಿಯಲ್ಲಿ ಏನೋ ಬರೆದುಕೊಟ್ಟು, "ಇದನ್ನು ನೀವು ನೋಡಲೇಬೇಕು" ಎಂದ. ಮಗಳು ಓದಿದಳು: ಪೋಸ್ಟ್‌ಮ್ಯಾನ್ಸ್ ಪಾರ್ಕ್.

ಅಂಚೆಯವರ ಹೆಸರಿನ ಒಂದು ಪಾರ್ಕು! ಮನೆಯಿಂದ ಸುಮಾರು ಐದು ಕಿಲೋಮೀಟರ್. "ಅಷ್ಟು ದೂರ ನಡೀತೀರಾ ಅಪ್ಪಯ್ಯ?" ಎಂದು ಮಗಳು ಕೇಳಿದ್ದಕ್ಕೆ, "ನನ್ನ ಹಳೆಯ ಬೀಟು ಇದರ ಮೂರರಷ್ಟಿತ್ತು" ಎಂದೆ. ಶನಿವಾರ ಚಪಾತಿ ಸುತ್ತಿಕೊಂಡು ಅಜ್ಜ ಮೊಮ್ಮಗ ಹೊರಟೆವು. ನದಿದಂಡೆ ಹಿಡಿದು ನಡೆದು, ಮಿಲೇನಿಯಂ ಸೇತುವೆಯ ಮೇಲೆ ಹೊಳೆ ದಾಟಿದೆವು. ಅದು ನಡೆಯುವವರಿಗೆಂದೇ ಕಟ್ಟಿದ ಸೇತುವೆ. 2000ದಲ್ಲಿ ತೆರೆದಾಗ ಜನರ ಹೆಜ್ಜೆಗೆ ಓಲಾಡತೊಡಗಿತಂತೆ. ಎರಡೇ ದಿನಕ್ಕೆ ಮುಚ್ಚಿ, ಸರಿಮಾಡಿ 2002ರಲ್ಲಿ ಮತ್ತೆ ತೆರೆದರು. ನಮ್ಮ ಕಡೆಯ ಸಂಕದ ಮೇಲೆ ನಡೆದವನಿಗೆ ಓಲಾಟ ಹೊಸತೇನಲ್ಲ ಬಿಡಿ. ಆಚೆ ದಡದಲ್ಲಿ ಸೇಂಟ್ ಪಾಲ್ಸ್ ಚರ್ಚಿನ ದೊಡ್ಡ ಗುಮ್ಮಟ. ಅದನ್ನು ದಾಟಿ ಸ್ವಲ್ಪ ನಡೆದರೆ ಆ ಪಾರ್ಕು.

ಹತ್ತಿರದಲ್ಲೇ ರೋಲೆಂಡ್ ಹಿಲ್‌ನ ಪ್ರತಿಮೆ ಇದೆ. ಅವನ ಯೋಜನೆಯಿಂದಲೇ 1840ರಲ್ಲಿ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ 'ಪೆನ್ನಿ ಬ್ಲ್ಯಾಕ್' ಬಂತು. ಅದಕ್ಕೆ ಮೊದಲು ಸಾಮಾನ್ಯವಾಗಿ ಕಾಗದ ಪಡೆಯುವವರೇ ದುಡ್ಡು ಕೊಡಬೇಕಿತ್ತು. ಮೊದಲು ಚೀಟಿ ತಂದ ದೇಶ ಎಂಬ ಕಾರಣಕ್ಕೆ ಬ್ರಿಟನ್ನಿನ ಅಂಚೆಚೀಟಿಯ ಮೇಲೆ ಇಂದಿಗೂ ದೇಶದ ಹೆಸರು ಇಲ್ಲ, ರಾಜನ ತಲೆ ಮಾತ್ರ. "ನಮ್ಮ ಮೈಸೂರಿನಲ್ಲೂ ಚಿಕ್ಕದೇವರಾಜ ಒಡೆಯರ ಕಾಲದಿಂದ ನಮ್ಮದೇ ಅಂಚೆ ಇತ್ತು ಕಣೋ. ಕಾಲ್ನಡಿಗೆಯಲ್ಲೇ ಓಡಿ ಮುಟ್ಟಿಸುತ್ತಿದ್ದರು. 1889ರಲ್ಲಿ ಅದನ್ನು ಬ್ರಿಟಿಷರ ಅಂಚೆಯ ಜೊತೆ ಸೇರಿಸಿದರು" ಎಂದು ಅವನಿಗೆ ಹೇಳಿದೆ.

ಪಾರ್ಕು ದೊಡ್ಡದಲ್ಲ. ನಾಲ್ಕು ಬೆಂಚು, ಒಂದು ಕಾರಂಜಿ, ಒಂದಿಷ್ಟು ಮರ. 1880ರಲ್ಲಿ ತೆರೆದದ್ದು. ಆಗ ಪಕ್ಕದಲ್ಲೇ ಪ್ರಧಾನ ಅಂಚೆ ಕಚೇರಿ ಇತ್ತು. ಅಲ್ಲಿನ ನೌಕರರು ಬುತ್ತಿ ಬಿಚ್ಚಲು ಬರುತ್ತಿದ್ದರಿಂದ ಆ ಹೆಸರು. ನಾವೂ ಅಲ್ಲೇ ಚಪಾತಿ ಬಿಚ್ಚಿದೆವು.

ಒಂದು ಬದಿಗೆ ಮರದ ಮಾಡು, ಅದರ ಕೆಳಗೆ ಗೋಡೆ, ಗೋಡೆಯ ತುಂಬ ಹೆಂಚಿನ ಫಲಕಗಳು, 54. ಜಿ.ಎಫ್. ವಾಟ್ಸ್ ಎಂಬ ಕಲಾವಿದ 1900ರಲ್ಲಿ ಮಾಡಿಸಿದ್ದು. ಬೇರೆಯವರ ಜೀವ ಉಳಿಸಲು ಹೋಗಿ ತಮ್ಮ ಜೀವ ಕೊಟ್ಟ ಸಾಮಾನ್ಯರ ಹೆಸರುಗಳು ಅವು. ರಾಜರು, ಸೇನಾಪತಿಗಳು ಯಾರೂ ಇಲ್ಲ. ಮೊಮ್ಮಗ ಓದಿ ಹೇಳುತ್ತ ಹೋದ. ಆಲಿಸ್ ಏರ್ಸ್, ಗಾರೆ ಕೆಲಸದ ಕೂಲಿಯವನ ಮಗಳು. 1885ರಲ್ಲಿ ಹತ್ತಿ ಉರಿಯುತ್ತಿದ್ದ ಮನೆಯಿಂದ ಮೂವರು ಮಕ್ಕಳನ್ನು ಉಳಿಸಲು ಹೋಗಿ ತಾನು ತೀರಿಕೊಂಡಳು. ಅದೇ ವರ್ಷ ಥಾಮಸ್ ಸಿಂಪ್ಸನ್ ಎಂಬವನು ಕೆರೆಯ ಮಂಜು ಒಡೆದು ಮುಳುಗುತ್ತಿದ್ದವರನ್ನು ಒಬ್ಬೊಬ್ಬರಾಗಿ ಎಳೆದು, ದಣಿದು ಸತ್ತ. ಇತ್ತೀಚಿನದು ಲೀ ಪಿಟ್ ಎಂಬಾತನದು. 2007ರಲ್ಲಿ ಕಾಲುವೆಗೆ ಬಿದ್ದ ಹುಡುಗನನ್ನು ಉಳಿಸಿ ತಾನು ಮುಳುಗಿದವನು.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಜ್ಜ, ಆ ಮಕ್ಕಳು ಬದುಕಿದ್ರು ಅಲ್ವಾ?" ಎಂದ. "ಅದಕ್ಕೇ ತಾನೇ ಇವರು ಹೋದದ್ದು" ಎಂದೆ. ವಾಪಸು ಬರುವಾಗ ಎರಡಂತಸ್ತಿನ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಕೂತೆವು. ಅವನು ನನ್ನ ತೋಳಿಗೆ ಒರಗಿ ನಿದ್ದೆ ಹೋದ.

ಆ ಶನಿವಾರ

ಎರಡು ವಾರದ ಮೇಲೆ, ಶುಕ್ರವಾರ ರಾತ್ರಿ ಮಗಳಿಗೆ ನೋವು ಶುರುವಾಯಿತು. ಅಳಿಯ ಟ್ಯಾಕ್ಸಿ ಕರೆಸಿ ಕರೆದುಕೊಂಡು ಹೋದರು. ಬೆಳಿಗ್ಗೆ ಏಳಕ್ಕೆ ಫೋನು. "ಮಾವ, ಹೆಣ್ಣು ಮಗು. ಇಬ್ಬರೂ ಆರಾಮಾಗಿದ್ದಾರೆ."

ನಾನು ದೇವರಿಗೆ ದೀಪ ಹಚ್ಚಿ ಮೊಮ್ಮಗನನ್ನು ಎಬ್ಬಿಸಿದೆ. ಅವನು ಕುಣಿಯುತ್ತಾನೆಂದುಕೊಂಡರೆ ಮುಖ ಗಂಟಿಕ್ಕಿಕೊಂಡು ಕೂತ. ಉಪ್ಪಿಟ್ಟು ಮುಟ್ಟಲಿಲ್ಲ. "ಅಪ್ಪ ಹೇಳಿದ್ರಲ್ಲೋ, ಅಮ್ಮ ಆರಾಮ್ ಅಂತ" ಎಂದೆ.

"ಫೋನಲ್ಲಿ ಅಜ್ಜಿನೂ ಆರಾಮ್ ಅಂತಾನೇ ಹೇಳಿದ್ರು. ನಾನು ನೋಡಬೇಕು."

ಅವನು ಹೇಳಿದ್ದು ನಿಜ. ನಾಲ್ಕೂವರೆ ವರ್ಷದ ಮಗುವಿಗೆ ಹೇಳಿದ್ದನ್ನು ಅದು ಮರೆತಿದೆ ಎಂದು ದೊಡ್ಡವರು ತಿಳಿದಿರುತ್ತೇವೆ.

ಹೊರಡುವ ಹೊತ್ತಿಗೆ ಮತ್ತೆ ಫೋನು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆ ದೊಡ್ಡ ಮೆರವಣಿಗೆ, ಬಸ್ಸುಗಳು ನಿಂತಿವೆ, ಮಳೆ ಬೇರೆ. "ನಾನೇ ಬಂದು ಕರೆದುಕೊಂಡು ಹೋಗ್ತೇನೆ ಮಾವ" ಎಂದರು ಅಳಿಯ.

"ನೀವು ಅವಳ ಹತ್ತಿರವೇ ಇರಿ. ನಮಗೆ ದಾರಿ ಗೊತ್ತಿದೆ" ಎಂದೆ.

ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹುಡುಗ, ಹೆಗಲಿಗೆ ಚೀಲ. ಚೀಲದಲ್ಲಿ ಫ್ಲಾಸ್ಕಿನ ತುಂಬ ಮೆಣಸಿನ ಸಾರು, ಅಂಟಿನುಂಡೆಯ ಡಬ್ಬಿ. ನನ್ನ ಹಳೆಯ ಕೆಲಸವೇ ಮತ್ತೆ ಬಂದ ಹಾಗಿತ್ತು. ಮೊದಲ ತಿರುವಿನವರೆಗೆ ಅವನು ಮಾತಾಡಲಿಲ್ಲ. ಮೊದಲ ಪೆಟ್ಟಿಗೆ ಬಂದಾಗ ಮೆಲ್ಲಗೆ "ಎಲಿಜಬೆತ್" ಎಂದ. ಎರಡನೆಯದಕ್ಕೆ "ಜಾರ್ಜ್" ಎಂದ. ಫಿರಂಗಿಯ ಹತ್ತಿರ ಬಂದಾಗ ಅವನೇ ನನ್ನ ಕೈ ಎಳೆಯುತ್ತಿದ್ದ. "ಈಗ ಎಡಕ್ಕೆ ಅಜ್ಜ, ಈಗ ರೈಲು ಸೇತುವೆ." ರಸ್ತೆಯ ತುಂಬ ಜನ, ಬಾವುಟ, ಪೊಲೀಸರು. ಅವನು ಯಾವುದನ್ನೂ ನೋಡಲಿಲ್ಲ. ದಿನವೂ ನಡೆದ ದಾರಿಯಾಗಿದ್ದರಿಂದ ಕಾಲಿಗೆ ಎಲ್ಲ ಗೊತ್ತಿತ್ತು.

ಲಿಫ್ಟಿನಿಂದ ಇಳಿದರೆ ಉದ್ದನೆಯ ಹಾದಿ. ಆ ತುದಿಯಲ್ಲಿ ಅಳಿಯ ನಿಂತಿದ್ದರು. ನಮ್ಮನ್ನು ಕಂಡು ಕೈ ಬೀಸಿದರು. ಒಳಗೆ ಮಗಳು ದಿಂಬಿಗೆ ಒರಗಿ ಕೂತಿದ್ದಳು. ಮೊಮ್ಮಗ ಓಡಿಹೋಗಿ ಅವಳ ಕೆನ್ನೆ ಮುಟ್ಟಿದ. ಕೈ ಮುಟ್ಟಿದ. ಮತ್ತೆ ಕೆನ್ನೆ ಮುಟ್ಟಿದ. ಆಮೇಲೆಯೇ ಪಕ್ಕದ ತೊಟ್ಟಿಲಿನಲ್ಲಿದ್ದ ತಂಗಿಯ ಕಡೆ ನೋಡಿದ್ದು. ಮಗಳು ಮೆಣಸಿನ ಸಾರು ಕುಡಿದು, "ಅಮ್ಮ ಮಾಡಿದ ಹಾಗೇ ಇದೆ ಅಪ್ಪಯ್ಯ" ಎಂದಳು. ನಾನು ಕಿಟಕಿಯ ಹತ್ತಿರ ಹೋಗಿ ಹೊಳೆ ನೋಡುತ್ತ ನಿಂತೆ. ನೀರು ಆಗ ಮೇಲಕ್ಕೆ ಹರಿಯುತ್ತಿತ್ತು.

ಮರುದಿನ ಊರಿಗೆ, ತಂಗಿಗೆ ಕಾಗದ ಬರೆದೆ. ಫೋನಿನಲ್ಲಿ ಸುದ್ದಿ ಮುಟ್ಟಿತ್ತು, ಆದರೂ ಬರೆದೆ. ಪಿನ್ ಕೋಡನ್ನು ಮೊಮ್ಮಗನೇ ದಪ್ಪಗೆ ಬರೆದ. ನಮ್ಮ ಬೀದಿಯ ಕೆಂಪು ಪೆಟ್ಟಿಗೆಗೆ ಅವನೇ ಹಾಕಿದ. ಲಕೋಟೆಯ ಮೇಲೆ ಹೊರಗಿನಿಂದಲೇ ಕಾಣುವ ಹಾಗೆ ಕನ್ನಡದಲ್ಲಿ 'ಹೆಣ್ಣು ಮಗು' ಎಂದು ಬರೆಸಿದ್ದೆ. ಹಂಚುವವನು ಉಣುಗೋಲಿನಿಂದಲೇ ಕೂಗಲಿ ಎಂದು. ಹಾಗೆಯೇ ಕೂಗಿದನಂತೆ.

ನಾನು ಫೆಬ್ರವರಿಯಲ್ಲಿ ಊರಿಗೆ ಬಂದೆ. ಹೋದ ತಿಂಗಳು ನನಗೊಂದು ಕಾಗದ ಬಂತು. ದೇಶದ ಹೆಸರಿಲ್ಲದ ಅಂಚೆಚೀಟಿ. ಒಳಗೆ ಓರೆಕೋರೆ ಕನ್ನಡ ಅಕ್ಷರಗಳಲ್ಲಿ ಮೂರು ಸಾಲು: "ಅಜ್ಜ, ಪಾಪು ನಗುತಾಳೆ. ಎಂಟನೇ ಎಡ್ವರ್ಡ್ ಇನ್ನೂ ಸಿಕಿಲ್ಲ. ನೀನು ಬಾ, ಹುಡುಕೋಣ."

ಎರಡು ಕಡೆ ಒತ್ತಕ್ಷರ ಬಿಟ್ಟಿದ್ದಾನೆ. ತಿದ್ದಿ ಉತ್ತರ ಬರೆಯಬೇಕು.